ತಾರೀಖು ಹೇಳುವ ಸೌಜನ್ಯ

(ವಡಾಲದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ವ್ಯವಹಾರದಲ್ಲಿ ಮಾತು ಮತ್ತು ಸೌಜನ್ಯ ಎಂಬ ವಿಷಯ ನಾನೇ ಕೇಳಿ ಪಡೆದದ್ದು. ದತ್ತಿ ಉಪನ್ಯಾಸವೆಂದರೆ ಪಂಪ, ವಚನ, ಕುಮಾರವ್ಯಾಸ ಎಂಬ ರೂಢಿ ನಮ್ಮಲ್ಲಿದೆ. ಆ ರೂಢಿಯ ಮೇಲೆ ನನಗೆ ಗೌರವವಿದೆ. ಆದರೆ ಈ ದತ್ತಿಯ ಹಣ ಹೋಟೆಲಿನ ಗಲ್ಲಾದಲ್ಲಿ ಕೂಡಿದ ಹಣ. ಮುಂಬಯಿಯ ಕನ್ನಡ ಸಂಘಗಳು, ಶಾಲೆಗಳು, ಸಭಾಗೃಹಗಳು ಎದ್ದು ನಿಂತದ್ದರ ಹಿಂದೆ ಹೋಟೆಲು, ಬ್ಯಾಂಕು, ಬಂದರು, ಗಿರಣಿ, ಕಚೇರಿಗಳಲ್ಲಿ ದುಡಿದವರ ಪಾಲು ದೊಡ್ಡದು. ಅವರು ದಿನವಿಡೀ ಆಡಿದ ಮಾತಿನ ಬಗ್ಗೆ ಒಂದು ಸಂಜೆ ಯೋಚಿಸುವುದು ಅವರ ಋಣದ ಒಂದು ಭಾಗವೆಂದೇ ನಾನು ತಿಳಿದಿದ್ದೇನೆ. ನನ್ನ ದುಡಿಮೆಯ ಕಾಲವೆಲ್ಲ ಕೋಟೆ ಭಾಗದ ಒಂದು ಕಂಪನಿಯ ಪತ್ರವ್ಯವಹಾರ ವಿಭಾಗದಲ್ಲಿ ಕಳೆಯಿತು. ಹಾಗಾಗಿ ಇಂದಿನ ಮಾತು ಪುಸ್ತಕದಿಂದ ಬಂದದ್ದಕ್ಕಿಂತ ಫೈಲುಗಳಿಂದ ಬಂದದ್ದು ಹೆಚ್ಚು.

ನಾನು ಹೇಳಬೇಕೆಂದಿರುವ ಮುಖ್ಯ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ವ್ಯವಹಾರದಲ್ಲಿ ಸ್ಪಷ್ಟವಾಗಿ ಮಾತಾಡುವುದು ಬೇರೆ, ಸೌಜನ್ಯದಿಂದ ಮಾತಾಡುವುದು ಬೇರೆ ಎಂದು ನಾವು ಭಾವಿಸಿದ್ದೇವೆ. ಖಡಾಖಂಡಿತ ಮಾತಾಡುವವನು ಒರಟ, ಮೆತ್ತಗೆ ತೇಲಿಸಿ ಮಾತಾಡುವವನು ಸಜ್ಜನ ಎಂಬ ಎಣಿಕೆ ನಮ್ಮದು. ನನ್ನ ಅನುಭವ ಇದಕ್ಕೆ ವಿರುದ್ಧ. ಎಷ್ಟು ಹಣ, ಯಾವ ತಾರೀಖು, ಆಗುತ್ತದೆಯೇ ಇಲ್ಲವೇ ಎಂಬುದನ್ನು ಎದುರಿನವರಿಗೆ ಹೊತ್ತಿಗೆ ಮುಂಚೆ ತಿಳಿಸುವುದಕ್ಕಿಂತ ದೊಡ್ಡ ಸೌಜನ್ಯ ವ್ಯವಹಾರದಲ್ಲಿ ಇಲ್ಲ. ಉಳಿದ ಮರ್ಯಾದೆಗಳೆಲ್ಲ ಅದರ ಮೇಲೆ ನಿಲ್ಲಬೇಕು.

ನಾವಿರುವ ಈ ವಡಾಲವನ್ನೇ ನೋಡಿ. ಒಂದು ಬದಿಗೆ ಬಂದರಿನ ಜಾಗ, ಉಪ್ಪಿನ ಗದ್ದೆಗಳು, ಟ್ರಕ್ ಟರ್ಮಿನಲ್. ಇನ್ನೊಂದು ಬದಿಗೆ ಕಟ್ರಕ್ ರಸ್ತೆ, ರಾಮಮಂದಿರ, ಶಾಲೆಗಳು, ಅದರಾಚೆ ಮಾಟುಂಗದ ಹೋಟೆಲುಗಳು. ಇಲ್ಲಿನ ಎನ್‌ಕೆಇಎಸ್ ಶಾಲೆಯಲ್ಲಿ ಕನ್ನಡ ಕಲಿತ ಮಕ್ಕಳು ಇದೇ ರಸ್ತೆಗಳಲ್ಲಿ ಮರಾಠಿ, ಹಿಂದಿ, ಗುಜರಾತಿ, ತಮಿಳು ಕೇಳುತ್ತ ಬೆಳೆದರು. ಊರಿನಿಂದ ಬಂದವರಿಗೆ ಮನೆಯಲ್ಲಿ ತುಳು ಅಥವಾ ಕೊಂಕಣಿ, ಸಂಘದಲ್ಲಿ ಕನ್ನಡ, ಗಿರಾಕಿಯೊಡನೆ ಹಿಂದಿ, ಮುನ್ಸಿಪಾಲಿಟಿಯವರೊಡನೆ ಮರಾಠಿ, ಬ್ಯಾಂಕಿನ ಅರ್ಜಿಗೆ ಇಂಗ್ಲಿಷು. ಯಾವುದರಲ್ಲೂ ಪಂಡಿತರಾಗಲು ಸಮಯ ಸಿಗದಿದ್ದ ಜನ ಇಷ್ಟು ಭಾಷೆಗಳ ನಡುವೆ ವ್ಯಾಪಾರ ಕಟ್ಟಿದ್ದು ಹೇಗೆ? ಅದನ್ನು ತಿಳಿಯಲು ಒಂದು ಹೋಟೆಲಿನ ಒಳಗೆ ಹೋಗೋಣ.

ಎ. ರಾಮ ನಾಯಕರು ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದ್ದು 1942ರಲ್ಲಿ. ಆಮೇಲೆ ಉಡುಪಿ ಹೋಟೆಲೆಂಬುದು ಮುಂಬಯಿಯ ಮೂಲೆಮೂಲೆಗೂ ಹೋಯಿತು. ರುಚಿ, ಶುಚಿ, ಕಡಿಮೆ ಬೆಲೆ ಎಂದು ಅದರ ಯಶಸ್ಸಿಗೆ ಕಾರಣ ಹೇಳುತ್ತಾರೆ, ನಿಜ. ನಾನು ಇನ್ನೊಂದನ್ನು ಸೇರಿಸುತ್ತೇನೆ. ಬೆಳಗಿನ ಒಂಬತ್ತರ ಗದ್ದಲದಲ್ಲಿ ಒಬ್ಬ ಪಳಗಿದ ವೇಟರ್ ನಾಲ್ಕು ಜನರ ಮೇಜಿನ ಮುಂದೆ ನಿಂತದ್ದನ್ನು ಗಮನಿಸಿ ನೋಡಿ. ನೀರಿನ ಲೋಟ ಇಡುವಾಗಲೇ ಅವನು ಹೇಳುವ ಮೊದಲ ಮಾತು, ಏನು ಮುಗಿದಿದೆ ಎಂಬುದು. "ಉಪ್ಪಿಟ್ಟು ಖಲಾಸ್, ಮಿಕ್ಕಿದ್ದೆಲ್ಲ ಇದೆ." ನೀವು ಹತ್ತು ನಿಮಿಷ ಯೋಚಿಸಿ ಉಪ್ಪಿಟ್ಟು ಹೇಳಿದ ಮೇಲೆ ಇಲ್ಲವೆನ್ನುವ ಮುಜುಗರವನ್ನು ಅವನು ನಿಮಗೂ ತನಗೂ ತಪ್ಪಿಸಿದ. ನೀವು ಹೇಳಿದ್ದನ್ನು ಕೇಳಿಕೊಂಡು ತಿರುಗಿ ಒಪ್ಪಿಸುತ್ತಾನೆ: "ಎರಡು ಇಡ್ಲಿ ವಡೆ, ಸಾಂಬಾರು ಬೇರೆ, ಒಂದು ಮಸಾಲೆ, ಒಂದು ಸಾದಾ, ಬೆಣ್ಣೆ ಬೇಡ." ತಪ್ಪಿದ್ದರೆ ಅಲ್ಲೇ ತಿದ್ದುತ್ತೀರಿ. ಆಮೇಲೆ ಹೊತ್ತು ಹೇಳುತ್ತಾನೆ: "ಇಡ್ಲಿ ಈಗ ಬಂತು, ದೋಸೆಗೆ ಹತ್ತು ನಿಮಿಷ." ಹತ್ತು ನಿಮಿಷ ಎಂದು ಗೊತ್ತಾದ ಮೇಲೆ ನೀವು ಪೇಪರು ತೆಗೆದು ಓದುತ್ತೀರಿ, ಗೊತ್ತಿಲ್ಲದಿದ್ದರೆ ಐದನೇ ನಿಮಿಷಕ್ಕೇ ಅಡುಗೆಮನೆಯ ಬಾಗಿಲು ನೋಡಲು ಶುರುಮಾಡುತ್ತೀರಿ. ದೋಸೆ ಬರುವುದು ಅದೇ ಹತ್ತು ನಿಮಿಷಕ್ಕೆ. ಕಾಯುವವರ ಮನಸ್ಸು ಮಾತ್ರ ಬೇರೆಯಾಗಿರುತ್ತದೆ.

ಇಲ್ಲದ್ದನ್ನು ಮೊದಲು ಹೇಳುವುದು, ಕೇಳಿದ್ದನ್ನು ತಿರುಗಿ ಒಪ್ಪಿಸುವುದು, ಹೊತ್ತು ಹೇಳುವುದು. ದೊಡ್ಡ ಕಂಪನಿಗಳು ತಮ್ಮ ಅಧಿಕಾರಿಗಳಿಗೆ ಪಂಚತಾರಾ ಹೋಟೆಲುಗಳಲ್ಲಿ ಕೂಡಿಸಿ ಕಲಿಸುವ ಪಾಠದಲ್ಲಿ ಇದಕ್ಕಿಂತ ಹೆಚ್ಚಿನದನ್ನು ನಾನು ಕಂಡಿಲ್ಲ. ಶಾಲೆಯ ಮೆಟ್ಟಿಲು ಪೂರ್ತಿ ಹತ್ತದ ಹುಡುಗರು ಇದನ್ನು ಮೇಜಿನಿಂದ ಮೇಜಿಗೆ ಓಡಾಡುತ್ತ ಕಲಿತರು.

ಆದರೆ ಅದೇ ಹೋಟೆಲಿನಲ್ಲಿ ಇನ್ನೊಂದು ಮಾತೂ ಕೇಳುತ್ತದೆ, ಅದನ್ನು ಇಲ್ಲಿ ಹೇಳದೆ ಹೋದರೆ ಅಪ್ರಾಮಾಣಿಕತೆಯಾಗುತ್ತದೆ. ಗಿರಾಕಿಗೆ "ಬನ್ನಿ ಸಾರ್, ಕೂತ್ಕೊಳ್ಳಿ" ಎಂದ ಬಾಯಿಯೇ ತಿರುಗಿ ಮೇಜು ಒರೆಸುವ ಹುಡುಗನಿಗೆ "ಏಯ್, ಕಣ್ಣು ಕಾಣ್ಸಲ್ವ?" ಎನ್ನುತ್ತದೆ. ಅವನಿಗೊಂದು ಹೆಸರಿದೆ ಎಂಬುದೇ ನೆನಪಿರುವುದಿಲ್ಲ. ಹಿಂದೆ ಕುಂದಾಪುರ, ಉಡುಪಿ, ಕಾರ್ಕಳ ಕಡೆಯಿಂದ ಬಂದ ಹತ್ತು ಹನ್ನೆರಡರ ಪೋರರು ಮೋರಿಯಲ್ಲಿ ತಟ್ಟೆ ತೊಳೆಯುತ್ತ ಈ ಕೂಗು ಕೇಳಿಯೇ ಬೆಳೆದರು. 2006ರ ಅಕ್ಟೋಬರ್ 10ರಿಂದ ಹೋಟೆಲು, ಢಾಬಾ, ಮನೆಗೆಲಸಗಳಲ್ಲಿ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಸುವುದನ್ನು ಕೇಂದ್ರ ಸರಕಾರ ನಿಷೇಧಿಸಿತು. ಈಗ ಮೇಜು ಒರೆಸುವವರು ದೊಡ್ಡವರು. ಅನೇಕರು ಒಡಿಶಾ, ಜಾರ್ಖಂಡ್, ಉತ್ತರ ಪ್ರದೇಶದವರು. ಕೂಗು ಮಾತ್ರ ಹಳೆಯದೇ ಉಳಿದಿದೆ. ಮೇಲಿನವರಿಗೆ ಮಾತ್ರ ತೋರುವ ವಿನಯವನ್ನು ಸೌಜನ್ಯ ಎನ್ನಲು ನಾನು ಸಿದ್ಧಳಿಲ್ಲ. ನಮ್ಮ ಹಿರಿಯರು ಸ್ವತಃ ಆ ಮೋರಿಯಲ್ಲಿ ನಿಂತವರು. ಗಲ್ಲಾದಲ್ಲಿ ಕೂತ ಮೇಲೆ ಅದನ್ನು ಮರೆಯುವ ಹಕ್ಕು ಅವರ ಮಕ್ಕಳಾದ ನಮಗಿಲ್ಲ.

ಮರೆಯದವರೂ ಇದ್ದರು ಎಂಬುದಕ್ಕೆ ಈ ನಗರದ ಕನ್ನಡ ರಾತ್ರಿ ಶಾಲೆಗಳೇ ಸಾಕ್ಷಿ. ಮೊಗವೀರ ಸಮಾಜದವರು ನಡೆಸಿದ ರಾತ್ರಿ ಶಾಲೆ, ಕೋಟೆ ಭಾಗದ ಕನ್ನಡ ರಾತ್ರಿ ಶಾಲೆ, ಇನ್ನೂ ಹಲವು. ಹಗಲು ತಟ್ಟೆ ತೊಳೆದ, ಚಹಾ ಹೊತ್ತ ಕೈಗಳು ರಾತ್ರಿ ಅಲ್ಲಿ ಸ್ಲೇಟು ಹಿಡಿದವು. ಅಲ್ಲಿ ಕಲಿತು ಬ್ಯಾಂಕು ಸೇರಿದವರು, ವಕೀಲರಾದವರು, ಸ್ವಂತ ಹೋಟೆಲು ತೆರೆದವರು ಇಂದಿನ ಸಭೆಯಲ್ಲೂ ಇರಬಹುದು. ಅಕ್ಷರ ಕೈಗೆ ಬಂದ ಮೇಲೆ ಮನಿಯಾರ್ಡರ್ ಫಾರಮಿನ ಕೆಳಗಿರುವ ಆ ಪುಟ್ಟ ಜಾಗದಲ್ಲಿ ತಾಯಿಗೆ ನಾಲ್ಕು ಸಾಲು ಬರೆಯಬಹುದಿತ್ತು. ಆ ಜಾಗದಲ್ಲಿ ಸುತ್ತಿಬಳಸಿ ಬರೆಯುವಂತಿರಲಿಲ್ಲ. "ಇಪ್ಪತ್ತು ರೂಪಾಯಿ ಕಳಿಸಿದ್ದೇನೆ. ಹತ್ತು ಅಂಗಡಿಯ ಬಾಕಿಗೆ. ಚೌತಿಗೆ ಬರಲಾಗುವುದಿಲ್ಲ. ಹುಷಾರಾಗಿದ್ದೇನೆ." ಹಣ, ಅದರ ಲೆಕ್ಕ, ಆಗದ್ದು, ಕ್ಷೇಮ. ಒಂದು ವ್ಯವಹಾರ ಪತ್ರಕ್ಕೆ ಬೇಕಾದದ್ದೆಲ್ಲ ಅಲ್ಲಿದೆ.

ಊರಿನ ಇನ್ನೊಂದು ಉದಾಹರಣೆ ಪಿಗ್ಮಿ. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಉಡುಪಿಯಲ್ಲಿ ಕಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಅವರು 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವ ಬೀಡಿ ಕಟ್ಟುವವರು, ಮೀನು ಮಾರುವವರು, ಸಣ್ಣ ಅಂಗಡಿಯವರ ಬಾಗಿಲಿಗೆ ಏಜೆಂಟರೇ ಹೋದರು. ಪಿಗ್ಮಿ ಏಜೆಂಟರ ರೀತಿ ಕಂಡವರಿಗೆ ಗೊತ್ತು: ದಿನಾ ಅದೇ ಹೊತ್ತಿಗೆ ಬರಬೇಕು, ಹಣ ಕೊಟ್ಟವರ ಕಣ್ಣೆದುರೇ ಅವರ ಕಾರ್ಡಿನಲ್ಲಿ ಬರೆದು ಕೊಡಬೇಕು, ಇವತ್ತು ವ್ಯಾಪಾರ ಆಗಲಿಲ್ಲ ಎಂದರೆ ಮುಖ ಬಿಗಿಯದೆ ನಾಳೆ ಬರುತ್ತೇನೆಂದು ಹೋಗಬೇಕು. ಓದು ಬಾರದ ಹೆಂಗಸೂ ಆ ಕಾರ್ಡಿನ ಸಾಲುಗಳು ಏರುವುದನ್ನು ನೋಡಿ ತನ್ನ ಹಣ ಭದ್ರವಾಗಿದೆ ಎಂದು ತಿಳಿಯುತ್ತಿದ್ದಳು. ಜಾಹೀರಾತು, ಭಾಷಣ ಕೊಡದ ನಂಬಿಕೆಯನ್ನು ಆ ದಿನದಿನದ ಬರಹ ಕೊಟ್ಟಿತು.

ಈಗ ನನ್ನದೇ ಕ್ಷೇತ್ರಕ್ಕೆ, ಅಂದರೆ ಪತ್ರಗಳಿಗೆ ಬರುತ್ತೇನೆ. ನಮ್ಮ ಅಜ್ಜಂದಿರ ಕಾಲದ ಕಾಗದ ನೋಡಿದವರಿಗೆ ಅದರ ತಲೆಬರಹ ನೆನಪಿರಬಹುದು: ಉಭಯ ಕುಶಲೋಪರಿ ಸಾಂಪ್ರತ. ಒಂದೇ ಸಾಲಿನಲ್ಲಿ ನಿಮ್ಮ ನಮ್ಮ ಕ್ಷೇಮ ಮುಗಿಸಿ, ಸಾಂಪ್ರತ ಎಂದೊಡನೆ ಅಡಿಕೆಯ ದರ, ಗೇಣಿಯ ಬಾಕಿ, ಕೋರ್ಟಿನ ತಾರೀಖಿಗೆ ಇಳಿದುಬಿಡುತ್ತಿದ್ದರು. ಮರ್ಯಾದೆಗೆ ಒಂದು ಸಾಲು, ಕೆಲಸಕ್ಕೆ ಉಳಿದ ಪುಟ. ಕಚೇರಿಗೆ ಬಂದ ಮೇಲೆ ನಾನು ಕಂಡ ಪತ್ರಗಳು ತದ್ವಿರುದ್ಧವಾಗಿದ್ದವು. ಬಾಕಿ ಕೇಳುವ ಒಂದು ಪತ್ರದ ಮಾದರಿಯನ್ನು ಕನ್ನಡದಲ್ಲಿ ಕೊಡುತ್ತೇನೆ:

"ತಮ್ಮ ಘನ ಸಂಸ್ಥೆಯೊಡನೆ ನಮಗಿರುವ ದೀರ್ಘಕಾಲದ ಸೌಹಾರ್ದ ಸಂಬಂಧವನ್ನು ಸ್ಮರಿಸುತ್ತ, ಈ ಹಿಂದೆ ಸಲ್ಲಿಸಿದ ನಮ್ಮ ಬಿಲ್ಲುಗಳ ಬಗ್ಗೆ ತಾವು ಕೃಪೆಯಿಟ್ಟು ಪರಿಶೀಲಿಸಿ ಆದಷ್ಟು ಶೀಘ್ರವಾಗಿ ಯೋಗ್ಯ ಕ್ರಮ ಕೈಗೊಳ್ಳಬೇಕೆಂದು ವಿನಮ್ರವಾಗಿ ಪ್ರಾರ್ಥಿಸುತ್ತೇವೆ."

ಎಷ್ಟು ವಿನಯ! ಆದರೆ ಈ ಪತ್ರ ಸೇರಿದ ಕಚೇರಿಯ ಗುಮಾಸ್ತನ ಪಾಡು ನೆನೆಯಿರಿ. ಯಾವ ಬಿಲ್ಲು? ಎಷ್ಟು? ಎಂದಿನದು? ಅವನು ಫೈಲು ಹುಡುಕಬೇಕು, ಸಿಗದಿದ್ದರೆ ಫೋನು ಮಾಡಬೇಕು, ಅಷ್ಟರಲ್ಲಿ ಬೇರೆ ಕೆಲಸ ಬರುತ್ತದೆ, ಪತ್ರ ಟ್ರೇಯ ತಳ ಸೇರುತ್ತದೆ. ಬರೆದವರು ಇನ್ನೊಂದು ವಿನಮ್ರ ಪ್ರಾರ್ಥನೆ ಬರೆಯುತ್ತಾರೆ. ಮೂರನೆಯದರಲ್ಲಿ ವಿನಯ ಹಾರಿಹೋಗಿ ವಕೀಲರ ಹೆಸರು ಬರುತ್ತದೆ. ಅದೇ ಪತ್ರವನ್ನು ಹೀಗೆ ಬರೆಯಬಹುದಿತ್ತು:

"ಮಾರ್ಚ್ 4ರ ನಮ್ಮ 118ನೇ ಬಿಲ್ಲಿನ 46,200 ರೂಪಾಯಿ ಏಪ್ರಿಲ್ 18ಕ್ಕೆ ಸಲ್ಲಬೇಕಿತ್ತು, ಇನ್ನೂ ಬಂದಿಲ್ಲ. ಬಿಲ್ಲಿನಲ್ಲೋ ಮಾಲಿನಲ್ಲೋ ತಕರಾರಿದ್ದರೆ ದಯವಿಟ್ಟು ಈ ವಾರ ತಿಳಿಸಿ, ಸರಿಪಡಿಸುತ್ತೇವೆ. ಇಲ್ಲವಾದರೆ ಯಾವ ತಾರೀಖಿಗೆ ಕಳಿಸುವಿರಿ ಎಂದು ಒಂದು ಸಾಲು ಬರೆಯಿರಿ. ಬಿಲ್ಲಿನ ಪ್ರತಿ ಜತೆಗಿದೆ."

ಇದರಲ್ಲಿ ಘನ ಸಂಸ್ಥೆಯೂ ಇಲ್ಲ, ಪ್ರಾರ್ಥನೆಯೂ ಇಲ್ಲ. ಓದುವವನ ಅರ್ಧ ಕೆಲಸವನ್ನು ಬರೆದವರೇ ಮಾಡಿಕೊಟ್ಟಿದ್ದಾರೆ. ತಪ್ಪು ನಮ್ಮದಿರಬಹುದು ಎಂಬ ಜಾಗವನ್ನೂ ಬಿಟ್ಟಿದ್ದಾರೆ. ಹಣ ಕೇಳುವ ಪತ್ರದಲ್ಲಿ ಎದುರಿನವರ ಮಾನ ಉಳಿಸುವುದು ಆ ಒಂದು ಸಾಲು. ಇಂಥ ಪತ್ರಕ್ಕೆ ಉತ್ತರ ಬರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬಾಕಿಯ ವಿಷಯ ಇನ್ನೂ ಸ್ವಲ್ಪ ಬೆಳೆಸಲು ಅನುಮತಿ ಕೊಡಿ, ಏಕೆಂದರೆ ಸಣ್ಣ ವ್ಯಾಪಾರಿಯ ನಿದ್ದೆ ಕೆಡಿಸುವುದು ಇದೇ. ದೊಡ್ಡ ಕಂಪನಿಗೆ ಮಾಲು ಕೊಟ್ಟ ಸಣ್ಣ ಕಾರ್ಖಾನೆಯವರು ಫೋನು ಮಾಡುತ್ತಾರೆ. "ಪ್ರೊಸೆಸ್‌ನಲ್ಲಿದೆ" ಎಂಬ ಉತ್ತರ ಬರುತ್ತದೆ. ಮತ್ತೆ ಮಾಡಿದರೆ "ಸಾಹೇಬರು ಮೀಟಿಂಗಿನಲ್ಲಿದ್ದಾರೆ." ಮೂರನೆಯ ಸಲ ಫೋನು ಎತ್ತುವುದೇ ಇಲ್ಲ. ಯಾರೂ ಒರಟಾಗಿ ಮಾತಾಡಲಿಲ್ಲ, ಆದರೂ ಇದಕ್ಕಿಂತ ದೊಡ್ಡ ಅವಮಾನವಿಲ್ಲ. 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆ ಈ ಮೌನಕ್ಕೆ ಗಡುವು ಹಾಕಿತು: ಲಿಖಿತ ಒಪ್ಪಂದ ಇದ್ದರೂ ಮಾಲು ಒಪ್ಪಿಕೊಂಡ 45 ದಿನಗಳೊಳಗೆ ಹಣ ಕೊಡಬೇಕು, ಒಪ್ಪಂದವಿಲ್ಲದಿದ್ದರೆ 15 ದಿನ. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳ ಚಕ್ರಬಡ್ಡಿ. 2023ರ ಹಣಕಾಸು ಕಾಯಿದೆ ಇನ್ನೊಂದು ಹೆಜ್ಜೆ ಹೋಯಿತು. ಕಿರು ಮತ್ತು ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಕೊಡದ ಹಣವನ್ನು, ನಿಜವಾಗಿ ಕೊಟ್ಟ ವರ್ಷದಲ್ಲಲ್ಲದೆ, ಖರ್ಚೆಂದು ತೋರಿಸಿ ಆದಾಯ ತೆರಿಗೆ ಉಳಿಸುವಂತಿಲ್ಲ ಎಂದಿತು. ಆಮೇಲೆ ಅನೇಕ ಕಚೇರಿಗಳಲ್ಲಿ ಫೋನು ಎತ್ತತೊಡಗಿದರು. ಕಾನೂನು ಬಂದದ್ದು ಒಳ್ಳೆಯದೇ. ಆದರೆ ಮಾರ್ಚ್ ತಿಂಗಳಲ್ಲೇ "ಏಪ್ರಿಲ್ ಹತ್ತರ ಮೊದಲು ಆಗುವುದಿಲ್ಲ, ಹತ್ತಕ್ಕೆ ಅರ್ಧ ಕಳಿಸುತ್ತೇವೆ" ಎಂದು ಯಾರಾದರೂ ಹೇಳಿದ್ದರೆ, ಆ ಸಣ್ಣ ಕಾರ್ಖಾನೆಯವರು ತಮ್ಮ ಕೆಲಸಗಾರರ ಪಗಾರಕ್ಕೆ ಬೇರೆ ದಾರಿ ನೋಡಿಕೊಳ್ಳುತ್ತಿದ್ದರು. ಹಣ ಇಲ್ಲದಿರುವುದು ತಪ್ಪಲ್ಲ, ತಾರೀಖು ಹೇಳದಿರುವುದು ತಪ್ಪು.

ಕೇಳುವವರಿಗೂ ಕಟ್ಟುಪಾಡು ಬೇಕು. ಸಾಲ ವಸೂಲಿಯವರು ಬೆಳಿಗ್ಗೆ ಎಂಟರ ಮೊದಲು, ಸಂಜೆ ಏಳರ ನಂತರ ಸಾಲಗಾರರಿಗೆ ಫೋನು ಮಾಡಬಾರದೆಂದು 2022ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಹೇಳಬೇಕಾಯಿತು. ಬೆದರಿಕೆ, ನೆಂಟರಿಷ್ಟರ ಎದುರು ಮಾನ ಕಳೆಯುವುದು ಇವೂ ನಿಷಿದ್ಧ. ಹಿಂದೆ ಊರಿನ ಸಾಹುಕಾರರಲ್ಲಿ ಕ್ರೂರಿಗಳಿರಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಮದುವೆ ಮನೆಯಲ್ಲಿ, ಸಾವಿನ ಮನೆಯಲ್ಲಿ ಬಾಕಿ ಕೇಳಬಾರದೆಂಬ ತಿಳಿವಳಿಕೆ ನಮ್ಮ ಜನರಲ್ಲಿತ್ತು. ಮೊಬೈಲು ಬಂದ ಮೇಲೆ ಎದುರಿನವರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ಕಾಣದೆ ಆ ತಿಳಿವಳಿಕೆ ಮಸುಕಾಗಿದೆ. "ಈಗ ಮಾತಾಡಬಹುದೇ?" ಎಂಬ ಒಂದು ಪ್ರಶ್ನೆ ಅದನ್ನು ಮರಳಿ ತರಬಲ್ಲದು.

ಹೊತ್ತು ಹೇಳದಿರುವುದರಿಂದ ಯಾರು ಪೆಟ್ಟು ತಿನ್ನುತ್ತಾರೆ ಎಂದು ತಿಳಿಯಲು ಇಲ್ಲೇ ಪಕ್ಕದ ಟ್ರಕ್ ಟರ್ಮಿನಲ್‌ಗೆ ಹೋದರೆ ಸಾಕು. ನಾಲ್ಕು ಗಂಟೆಗೆ ಮಾಲು ತುಂಬಿಸಬೇಕೆಂದು ಲಾರಿ ಗೊತ್ತುಮಾಡುತ್ತಾರೆ. ಮಾಲು ಸಂಜೆಯೊಳಗೆ ಸಿದ್ಧವಾಗದೆಂದು ಗೋದಾಮಿನವರಿಗೆ ಮಧ್ಯಾಹ್ನವೇ ಗೊತ್ತಾಗಿರುತ್ತದೆ. ಹೇಳಲು ಸಂಕೋಚ; ಬೈಗುಳ ಯಾರಿಗೆ ಬೇಕು? "ಬರ್ತಾ ಇದೆ, ಬರ್ತಾ ಇದೆ" ಎನ್ನುತ್ತಾರೆ. ಮುಂಬಯಿಯಲ್ಲಿ ಭಾರಿ ವಾಹನಗಳಿಗೆ ರಸ್ತೆಯ ಹೊತ್ತು ಗೊತ್ತಿದೆ; ಒಂದು ಗಳಿಗೆ ತಪ್ಪಿದರೆ ಗಂಟೆಗಟ್ಟಲೆ ನಿಲ್ಲಬೇಕು. ಡ್ರೈವರು, ಕ್ಲೀನರು ಕ್ಯಾಬಿನ್ನಿನಲ್ಲಿ ರಾತ್ರಿ ಕಳೆಯುತ್ತಾರೆ. ಬೆಳಿಗ್ಗೆ ಲಾರಿ ನಿಂತದ್ದರ ಹಾಲ್ಟಿಂಗ್ ಹಣ ಯಾರು ಕೊಡಬೇಕೆಂಬ ಜಗಳ, ಬಿಲ್ಟಿಯ, ಅಂದರೆ ಲಾರಿ ರಸೀದಿಯ, ಮೇಲೆ ತಾರೀಖು ತಿದ್ದುವ ಜಗಳ, ಅತ್ತ ಹುಬ್ಬಳ್ಳಿಯಲ್ಲೋ ಮಂಗಳೂರಿನಲ್ಲೋ ಮಾಲಿಗಾಗಿ ಕಾದವರ ಫೋನು. ಮಧ್ಯಾಹ್ನದ ಅರ್ಧ ನಿಮಿಷದ ಸಂಕೋಚ ನಾಲ್ಕು ಜನರ ಒಂದು ರಾತ್ರಿಯನ್ನು ತಿಂದಿತು. ಆ ಸಂಕೋಚವನ್ನು ನಾವು ಒಳ್ಳೆಯತನ ಎಂದು ಕರೆಯುತ್ತ ಬಂದಿದ್ದೇವಲ್ಲ, ನನ್ನ ತಕರಾರು ಅಲ್ಲಿದೆ.

ಇಲ್ಲ ಎನ್ನುವುದು ನಮ್ಮವರಿಗೆ ಬಹಳ ಕಷ್ಟ. ಕೆಲಸ ಕೇಳಿಕೊಂಡು ಬಂದವನಿಗೆ "ನೋಡೋಣ, ಮುಂದಿನ ವಾರ ಬನ್ನಿ" ಎನ್ನುತ್ತೇವೆ. ಅವನು ಮುಂದಿನ ವಾರ ಡೊಂಬಿವಲಿಯಿಂದ ರೈಲು ಹತ್ತಿ, ದಾದರಿನಲ್ಲಿ ಇಳಿದು, ಬಸ್ಸು ಹಿಡಿದು ನಿಜವಾಗಿಯೂ ಬರುತ್ತಾನೆ. ಅವನ ಒಂದು ದಿನದ ದುಡಿಮೆ ಹೋಯಿತು, ಆಸೆ ಹೋಯಿತು. "ಜಾಗ ಇಲ್ಲ, ಈ ವರ್ಷ ಆಗಲಿಕ್ಕಿಲ್ಲ, ಇಂಥಲ್ಲಿ ಕೇಳಿ ನೋಡಿ" ಎಂದಿದ್ದರೆ ಆ ಕ್ಷಣಕ್ಕೆ ಮುಖ ಬಾಡುತ್ತಿತ್ತು, ಅಷ್ಟೇ. ನಮ್ಮ ಊರಿನ ದಿನಸಿ ಅಂಗಡಿಗಳಲ್ಲಿ "ಇಂದು ನಗದು, ನಾಳೆ ಉದ್ರಿ" ಎಂಬ ಫಲಕ ಇರುತ್ತಿತ್ತು. ಅದರಲ್ಲಿ ಒಂದು ಜಾಣತನವಿದೆ. ಎಲ್ಲರಿಗೂ ಒಂದೇ ಮಾತು, ಕೇಳುವ ಮೊದಲೇ ಉತ್ತರ. ಒಬ್ಬನಿಗೆ ಕೊಟ್ಟು ಇನ್ನೊಬ್ಬನಿಗೆ ಇಲ್ಲವೆಂದರೆ ಆಗುವ ನೋವು ಅದರಿಂದ ಆಗದು. ಕಚೇರಿಗಳಲ್ಲೂ ಇಂಥ ನಿಯಮವನ್ನು ಮೊದಲೇ ಬರೆದು ಹಾಕಿದರೆ ಅರ್ಧ ಮುಜುಗರ ತಪ್ಪುತ್ತದೆ.

ಹೇಳದೆ ಬಿಟ್ಟ ಮಾತು ಮನುಷ್ಯನನ್ನು ಎಲ್ಲಿಗೆ ಒಯ್ಯಬಲ್ಲದು ಎಂಬುದನ್ನು ಮುಂಬಯಿಯ ಕನ್ನಡ ಸಾಹಿತ್ಯ ಬಲ್ಲದು. ಯಶವಂತ ಚಿತ್ತಾಲರು ಹನೇಹಳ್ಳಿಯಿಂದ ಬಂದು ಈ ನಗರದ ರಾಸಾಯನಿಕ ಉದ್ಯಮದಲ್ಲಿ ದುಡಿದವರು. ಅವರ 'ಶಿಕಾರಿ' 1979ರಲ್ಲಿ ಬಂತು. ತನ್ನ ಮೇಲೆ ಕಂಪನಿ ಹೊರಿಸಿದ ಆರೋಪ ನಿಜಕ್ಕೂ ಏನು, ಹೊರಿಸಿದವರು ಯಾರು ಎಂಬುದು ತಿಳಿಯದೆ ಕಥಾನಾಯಕ ನಾಗಪ್ಪ ಪಡುವ ಯಾತನೆ ಆ ಕಾದಂಬರಿಯ ಜೀವ. ಕಚೇರಿಯ ಭಾಷೆ ಎಷ್ಟು ನಯವಾಗಿದ್ದೂ ಎಷ್ಟು ಹಿಂಸೆ ಕೊಡಬಲ್ಲದು ಎಂಬುದನ್ನು ಕನ್ನಡದಲ್ಲಿ ಅಷ್ಟು ಆಳವಾಗಿ ಕಾಣಿಸಿದ ಇನ್ನೊಂದು ಕೃತಿ ನನಗೆ ಗೊತ್ತಿಲ್ಲ. ಸಿಬ್ಬಂದಿಗೆ ನೋಟೀಸು ಬರೆಯುವ ಪ್ರತಿಯೊಬ್ಬ ಕನ್ನಡ ಅಧಿಕಾರಿ ಅದನ್ನು ಒಮ್ಮೆ ಓದಬೇಕೆಂದು ನನ್ನ ಆಸೆ. ಏನು ತಪ್ಪು, ಯಾವ ದಿನದ್ದು, ಉತ್ತರಕ್ಕೆ ಎಷ್ಟು ದಿನ, ಯಾರನ್ನು ಕಾಣಬೇಕು. ನೋಟೀಸಿನಲ್ಲಿ ಈ ನಾಲ್ಕು ಇರಲೇಬೇಕು.

ಈಗಿನ ವ್ಯವಹಾರವೆಲ್ಲ ವಾಟ್ಸಾಪಿನಲ್ಲಿ. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ತರಕಾರಿಯವರು, ಹಾಲಿನವರು, ಗ್ಯಾಸಿನವರು ಅದರಿಂದ ಎಷ್ಟು ಹಗುರಾಗಿದ್ದಾರೆಂದು ಬಲ್ಲೆ. ಎರಡು ಸಂಗತಿ ಮಾತ್ರ ಹೇಳುತ್ತೇನೆ. ಮೊದಲನೆಯದು, ಬರೀ "ಹಲೋ" ಎಂದು ಕಳಿಸಿ ಉತ್ತರಕ್ಕೆ ಕಾಯುವುದು, ಅಥವಾ ನಾಲ್ಕು ನಿಮಿಷದ ಧ್ವನಿ ಸಂದೇಶ ಕಳಿಸುವುದು. ಹೇಳುವವರಿಗೆ ಸುಲಭ, ಕೇಳುವವರು ಕೆಲಸ ಬಿಟ್ಟು ಕಿವಿಗೆ ಹಚ್ಚಿ, ಮೊತ್ತ ಎಲ್ಲಿ ಬಂತೆಂದು ಮತ್ತೆ ಮತ್ತೆ ಹಿಂದೆ ತಿರುಗಿಸಬೇಕು. ಮೊತ್ತ, ವಿಳಾಸ, ತಾರೀಖುಗಳನ್ನು ಬರೆದೇ ಕಳಿಸಿ. ಎರಡನೆಯದು ಇನ್ನೂ ಗಂಭೀರ. ಕೆಲಸಗಾರರ ಗುಂಪಿನಲ್ಲಿ, ಮೂವತ್ತು ನಲವತ್ತು ಜನ ಓದುವಂತೆ, ಒಬ್ಬನ ಹೆಸರು ಹಾಕಿ ಬೈಯುವುದು. ಹಿಂದೆ ಮಾಲಕರು ಕೂಗಿದರೆ ಆ ಕೂಗು ಗಾಳಿಯಲ್ಲಿ ಹೋಗುತ್ತಿತ್ತು. ಇದು ಫೋನಿನಲ್ಲಿ ಉಳಿಯುತ್ತದೆ, ಅವನು ಮನೆಗೆ ಹೋಗಿ ಊಟಕ್ಕೆ ಕೂತಾಗ ಹೆಂಡತಿಯ ಕಣ್ಣಿಗೂ ಬೀಳುತ್ತದೆ. ಹೊಗಳುವುದಿದ್ದರೆ ಗುಂಪಿನಲ್ಲಿ ಬರೆಯಿರಿ. ತಿದ್ದುವುದಿದ್ದರೆ ಅವನೊಬ್ಬನನ್ನು ಕರೆದು, ಬಾಗಿಲು ಮುಚ್ಚಿ, ಕೂರಿಸಿ ಹೇಳಿ.

ಕೊನೆಗೆ ಭಾಷೆಯ ಮಾತು. ಹೋಟೆಲಿನಲ್ಲಿ, ಬ್ಯಾಂಕಿನಲ್ಲಿ, ನಮ್ಮವರಿಬ್ಬರು ಗಿರಾಕಿಯ ಎದುರೇ ಥಟ್ಟನೆ ತುಳುವಿಗೋ ಕನ್ನಡಕ್ಕೋ ಹೊರಳುವುದುಂಟು. ಚಿಲ್ಲರೆ ಇದೆಯೇ ಎಂದು ಕೇಳುತ್ತಿರುತ್ತಾರಷ್ಟೆ. ಎದುರು ನಿಂತವರಿಗೆ ತಮ್ಮ ಬಗ್ಗೆಯೇ ಏನೋ ಆಡಿದರೆಂದು ಅನಿಸುತ್ತದೆ. ಬೆಂಗಳೂರಿನ ಅಂಗಡಿಯಲ್ಲಿ ನಮ್ಮೆದುರು ಇನ್ನೊಂದು ಭಾಷೆಗೆ ಹೊರಳಿದರೆ ನಮಗೆ ಹೇಗಾಗುತ್ತದೋ ಹಾಗೇ. ಹೊರಳಲೇಬೇಕಾದರೆ "ಕ್ಷಮಿಸಿ, ಚಿಲ್ಲರೆ ಕೇಳ್ತಿದ್ದೆ" ಎಂದು ಅವರ ಭಾಷೆಯಲ್ಲಿ ಒಂದು ಮಾತು ಸೇರಿಸಿ. 2022ರಲ್ಲಿ ಮಹಾರಾಷ್ಟ್ರ ಸರಕಾರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಗೆ ತಿದ್ದುಪಡಿ ತಂದು ಸಣ್ಣ ಅಂಗಡಿಗಳಿಗೂ ಮರಾಠಿ ಫಲಕ ಕಡ್ಡಾಯ ಮಾಡಿತು. ನಮ್ಮ ಕೆಲವು ವ್ಯಾಪಾರಿಗಳಿಗೆ ಅದು ಹೊರೆಯೆನಿಸಿತು. ನನಗೆ ಹಾಗನಿಸಲಿಲ್ಲ. ಕರ್ನಾಟಕದಲ್ಲಿ ಕನ್ನಡ ಫಲಕ ಇರಬೇಕೆಂದು ಬಯಸುವ ನಾವು ವಡಾಲದಲ್ಲಿ ಮರಾಠಿಗೆ ಅದೇ ಮರ್ಯಾದೆ ಕೊಡಬೇಕು. ಫಲಕ ಬರೆಸಿದರೆ ಮುಗಿಯದು. ಒಳಗೆ ಬಂದ ಅಜ್ಜಿ ಮರಾಠಿಯಲ್ಲಿ ಏನು ಕೇಳಿದರು ಎಂಬುದು ಗಲ್ಲಾದಲ್ಲಿ ಕೂತವರಿಗೆ ತಿಳಿಯಬೇಕು.

ದತ್ತಿಯ ಹಿರಿಯರಲ್ಲಿ, ಸಂಘಟಕರಲ್ಲಿ ಒಂದು ಕೋರಿಕೆ ಇಟ್ಟು ಮುಗಿಸುತ್ತೇನೆ. ಈ ನಿಧಿಯ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯಲಿ. ಜತೆಗೆ, ರಜೆಯ ದಿನಗಳಲ್ಲಿ ನಮ್ಮ ಕನ್ನಡ ಶಾಲೆಗಳ ಮೇಲಿನ ತರಗತಿಯ ಮಕ್ಕಳಿಗೂ, ಹೋಟೆಲು ಅಂಗಡಿಗಳಲ್ಲಿ ದುಡಿಯುವ ಯುವಕ ಯುವತಿಯರಿಗೂ ಪತ್ರ ಬರೆಯುವುದನ್ನು, ಫೋನಿನಲ್ಲಿ ಮಾತಾಡುವುದನ್ನು ಕಲಿಸುವ ಒಂದು ತರಗತಿ ಇಲ್ಲೇ ನಡೆಯಲಿ. ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ. ಹೊಸ ಕಟ್ಟಡ ಬೇಡ, ಬೆಂಚುಗಳಿವೆ. ಕಲಿಸಲು ನಿವೃತ್ತ ಬ್ಯಾಂಕ್ ನೌಕರರು, ಶಿಕ್ಷಕರು ಈ ಸಭೆಯಲ್ಲೇ ಸಾಕಷ್ಟು ಜನ ಇದ್ದೀರಿ, ನಾನೂ ಬರುತ್ತೇನೆ. ಮೊದಲ ದಿನ ಅರ್ಜಿ ಬರೆಯುವುದನ್ನು ಕಲಿಸುವುದು ಬೇಡ, ಅದು ಎಲ್ಲೆಡೆ ಸಿಗುತ್ತದೆ. ಅರ್ಜಿ ಹಾಕಿದ ಒಬ್ಬನಿಗೆ ಕೆಲಸ ಕೊಡಲಾಗುತ್ತಿಲ್ಲ ಎಂದು ತಿಳಿಸುವ ಪತ್ರವನ್ನು ಮೊದಲು ಬರೆಸೋಣ. ಅವರು ಬರೆದದ್ದನ್ನು ಒಬ್ಬರಿಗೊಬ್ಬರು ಗಟ್ಟಿಯಾಗಿ ಓದಲಿ.